ಕೀಲಿ ಲಾಡ್ಜಿನದು, ದರ ಆ್ಯಪಿನದು
ಲಾಡ್ಜಿನ ಕೌಂಟರಿನ ಮೇಲೆ ದಪ್ಪ ರಿಜಿಸ್ಟರ್ ಈಗಲೂ ಇದೆ. ಆದರೆ ಗಿರಾಕಿ ಮೆಟ್ಟಿಲು ಹತ್ತುವ ಹೊತ್ತಿಗೆ ಕೋಣೆ, ದರ, ರಿಯಾಯಿತಿ ಎಲ್ಲವೂ ಅವನ ಮೊಬೈಲಿನಲ್ಲೇ ತೀರ್ಮಾನವಾಗಿರುತ್ತದೆ. ಹಂಪಿಯ ಪುಟ್ಟ ಹೋಂಸ್ಟೇ ದೆಹಲಿಯವರ ಕಣ್ಣಿಗೆ ಬೀಳುವುದೇ ಆ್ಯಪಿನಿಂದ, ಅದಕ್ಕೆ ಕಮಿಷನ್ ಕೊಟ್ಟರೇನು ತಪ್ಪು ಎನ್ನುವವರಿದ್ದಾರೆ. ಕಮಿಷನ್ ತಪ್ಪಲ್ಲ, ಬಿಡಿ; ದಲ್ಲಾಳಿ ಇಲ್ಲದ ವ್ಯಾಪಾರ ಎಲ್ಲಿದೆ? ತನ್ನದೇ ಕೋಣೆಯನ್ನು ತನ್ನದೇ ವೆಬ್‌ಸೈಟಿನಲ್ಲೂ ಕಡಿಮೆ ದರಕ್ಕೆ ಕೊಡಬಾರದೆಂದು ಮಾಲೀಕನ ಕೈ ಕಟ್ಟುವ ಕರಾರು ಮಾತ್ರ ತಪ್ಪು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಕೋಣೆ ಬುಕಿಂಗ್ ಆ್ಯಪ್ ನಡೆಸುವ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ ದಂಡ ವಿಧಿಸಿದಾಗ ಇಂಥ ಕರಾರುಗಳನ್ನೂ ಬದಲಿಸಲು ಹೇಳಿತ್ತು. ಕೋಣೆಯನ್ನು ಆ್ಯಪಿನಲ್ಲೇ ಹುಡುಕಿ. ಕಾಸು ಕಟ್ಟುವ ಮೊದಲು ಲಾಡ್ಜಿಗೊಂದು ಫೋನ್ ಮಾಡಿ ದರ ಕೇಳಿ.