ಹೊಸ ಚಾಕು ಸಾಣೆಗೆ ಕೊಡುವ ಮುಂಚೆ

ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಬಂಧುಗಳೇ,

ಪೇಟೆಯಿಂದ ಹೊಸ ಚಾಕು ತಂದು ಬಿಚ್ಚಿ ನೋಡಿದರೆ ಹಿಡಿ ಅಲುಗಾಡುತ್ತದೆ, ಇಲ್ಲವೇ ಅಲಗು ಒಂದು ಕಡೆ ವಾಲಿರುತ್ತದೆ. "ಹೋಗ್ಲಿ ಬಿಡು, ಇಷ್ಟಕ್ಕೆ ಮತ್ತೆ ಪೇಟೆಗೆ ಯಾರು ಹೋಗಬೇಕು" ಎಂದು ಹಿಡಿಗೆ ದಾರ ಸುತ್ತಿ, ಅಲಗನ್ನು ಸಾಣೆಗೆ ಕೊಟ್ಟು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ನಿಮ್ಮಲ್ಲಿ ನನ್ನ ಮನವಿ ಇಷ್ಟು: ಸಾಣೆಗೆ ಕೊಡುವ ಮುಂಚೆ ಒಂದು ಗಳಿಗೆ ನಿಲ್ಲಿ. ಇದು ನಡೆಯುವಂಥ ಕೊರತೆಯೋ, ವಾಪಸ್ ಕೊಡಲೇಬೇಕಾದ ದೋಷವೋ ಎಂಬುದನ್ನು ಮೊದಲು ತೀರ್ಮಾನಿಸಿ. ಸಾಣೆಯ ಚಕ್ರ ಮುಟ್ಟಿದ ಮೇಲೆ ಅಲಗು ಕಾರ್ಖಾನೆಯಿಂದ ಬಂದಂತೆ ಉಳಿಯುವುದಿಲ್ಲ. ಕಾದು ನೀಲಿ ತಿರುಗಿತೆಂದರೆ ಅಂಚಿನ ಹದವೂ ಹೋಗುತ್ತದೆ. ಆಮೇಲೆ ತಪ್ಪು ತಯಾರಿಸಿದವರದೋ ಸಾಣೆ ಹಿಡಿದವರದೋ ಎಂದು ಹೇಳುವುದು ಕಷ್ಟ.

ಕಂಡ ಗುರುತೆಲ್ಲ ದೋಷವಲ್ಲ. ಅಲಗಿನ ಮೇಲೆ ಉಜ್ಜಿದ ಗೆರೆ, ಮರದ ಹಿಡಿಯ ಬಣ್ಣದಲ್ಲಿ ಹೆಚ್ಚುಕಡಿಮೆ, ಸೊಟ್ಟಗೆ ಬಿದ್ದ ಕಂಪನಿ ಹೆಸರು, ಇವುಗಳಿಂದ ಉಳ್ಳಾಗಡ್ಡಿ ಹೆಚ್ಚುವುದಕ್ಕೆ ಏನೂ ಅಡ್ಡಿಯಿಲ್ಲ. ಕಮ್ಮಾರರು ಕುಲುಮೆಯಲ್ಲಿ ಬಡಿದ ಕುಡುಗೋಲಿನ ಮೇಲೆ ಸುತ್ತಿಗೆಯ ಗುರುತು ಇದ್ದೇ ಇರುತ್ತದೆ. ಅದನ್ನು ತೋರಿಸಿ ದುಡ್ಡು ವಾಪಸ್ ಕೇಳುವುದು ದುಡಿದ ಕೈಗೆ ಮಾಡುವ ಅನ್ಯಾಯ. ಕಾರ್ಬನ್ ಉಕ್ಕನ್ನು ಒದ್ದೆ ಬಿಟ್ಟರೆ ಜಂಗು ಹಿಡಿಯುವುದು ಆ ಉಕ್ಕಿನ ಗುಣ. ಆದರೆ ಡಬ್ಬಿಯ ಮೇಲೆ ಸ್ಟೇನ್‌ಲೆಸ್ ಎಂದು ಬರೆದಿದ್ದು, ತೊಳೆದು ಒರೆಸಿಟ್ಟರೂ ವಾರದೊಳಗೆ ಅಲಗಿನ ತುಂಬ ಜಂಗು ಎದ್ದರೆ ಮಾತು ಬೇರೆ. ಮಾರುವವರು ಹೇಳಿಕೊಂಡ ಗುಣಮಟ್ಟ ಮಾಲಿನಲ್ಲಿ ಇಲ್ಲದಿದ್ದರೆ ಅದನ್ನೂ ದೋಷವೆಂದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎಣಿಸುತ್ತದೆ.

ನೋಡುವ ಬಗೆ ಕಷ್ಟದ್ದಲ್ಲ. ಬೆಳಕಿಗೆ ಬಂದು ಅಲಗಿನ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಅಲ್ಲಲ್ಲಿ ಮಿಂಚುವ ಚುಕ್ಕೆ ಕಂಡರೆ ಅಲ್ಲಿ ಮೊಂಡು. ಒಂದು ಸಲ ಮಸೆದರೆ ಸರಿಹೋಗುತ್ತದೆ, ಅದಕ್ಕೆ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಸೀಳು ಕಂಡರೆ ಮಾತ್ರ ಆ ಚಾಕುವಿನಿಂದ ಏನನ್ನೂ ಕೊಯ್ಯಬೇಡಿ. ಕಾಯಿಸಿ ತಣಿಸುವಾಗ ಬಿಟ್ಟ ಬಿರುಕಿನಿಂದ ಅಲಗು ಒಂದು ದಿನ ಕೈಯಲ್ಲೇ ಮುರಿದೀತು. ಸಪಾಟಾದ ಮಣೆಯ ಮೇಲೆ ಅಲಗಿನ ಬಾಯಿ ಊರಿ ನೋಡಿ. ಹಿಡಿಯ ಹತ್ತಿರ ಅತಿಯಾಗಿ ಸವೆಸಿಬಿಟ್ಟಿದ್ದರೆ ನಡುವೆ ಬೆಳಕು ತೂರುತ್ತದೆ. ಅಂಥ ಚಾಕುವಿನಲ್ಲಿ ಹೆಚ್ಚಿದ ಸೊಪ್ಪು ತುಂಡಾಗದೆ ಎಳೆ ಎಳೆಯಾಗಿ ಜೋತುಬೀಳುತ್ತದೆ. ಸರಿಮಾಡಬೇಕೆಂದರೆ ಉಳಿದ ಅಲಗನ್ನೆಲ್ಲ ಅದರ ಮಟ್ಟಕ್ಕೆ ಸವೆಸಬೇಕು, ಹಾಗಾಗಿ ಇದನ್ನು ವಾಪಸ್ ಕೊಡುವುದೇ ಸರಿ. ಹಿಡಿಗೂ ಲೋಹಕ್ಕೂ ನಡುವೆ ಸಂದು ಬಿಟ್ಟಿದ್ದರೆ ಮೀನಿನ ನೀರು ಒಳಗಿಳಿದು ಕೊಳೆಯುತ್ತದೆ, ಕಾಣದ ಕಡೆ ಜಂಗು ತಿನ್ನುತ್ತದೆ. ಪರೀಕ್ಷೆಗೆಂದು ಅಲಗನ್ನು ಬಗ್ಗಿಸುವುದು, ಎಲುಬಿನ ಮೇಲೆ ಹೊಡೆಯುವುದು ಬೇಡ. ಆಗ ಹಾಳು ಮಾಡಿದವರು ನೀವೇ ಎಂಬ ಮಾತು ಬರುತ್ತದೆ, ಆ ಮಾತಿನಲ್ಲಿ ಹುರುಳೂ ಇರುತ್ತದೆ.

ಪೂರ್ವ ಪಾಕಿಸ್ತಾನ ಬಿಟ್ಟು ಬಂದು ಈ ನೆಲದಲ್ಲಿ ಭತ್ತ ಬೆಳೆದ ಬಂಗಾಳಿ ಮನೆಗಳ ಅಮ್ಮಂದಿರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಿಮ್ಮ ಬೋಟಿ, ನಮ್ಮ ಈಳಿಗೆ, ಎರಡರಲ್ಲೂ ಅಲಗು ನಿಂತಲ್ಲೇ ನಿಂತಿರುತ್ತದೆ, ಕೈ ಅದರ ಕಡೆ ಹೋಗುತ್ತದೆ. ರೋಹು, ಕಟ್ಲಾದಂಥ ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಒತ್ತುವಾಗ ಬುಡದಲ್ಲಿ ಅಲಗು ಸ್ವಲ್ಪ ಅಲುಗಿದರೂ ಬೆರಳಿಗೆ ಅಪಾಯ. ಹೊಸ ಬೋಟಿಯ ಬುಡ ಸಡಿಲವಿದ್ದರೆ ಚಿಂದಿ ತುರುಕಿ ಬಿಗಿ ಮಾಡಬೇಡಿ, ತಿರುಗಿ ಕೊಡಿ.

ಕೊಡಬೇಕೆಂದರೆ ಕೈಯಲ್ಲಿ ಬಿಲ್ಲು ಬೇಕು. ಒಂದು ಕಾಗದವಿಲ್ಲದ್ದಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟ ಕ್ಯಾಂಪಿನ ಹಿರಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದೇ ಎಚ್ಚರ ಅಂಗಡಿಯ ಮುಂದೆಯೂ ಇರಲಿ. ಬಿಲ್ಲು ಕೊಡದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡಿಗೆ ಹೆದರಬೇಡಿ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ದೋಷವಿರುವ ಮಾಲನ್ನು ತೆಗೆದುಕೊಳ್ಳಲು ಒಲ್ಲೆನೆನ್ನುವುದೂ ಅನುಚಿತ ವ್ಯಾಪಾರವೇ. ಮೀನು ಮಾರಿ ಹೊಟ್ಟೆ ಹೊರೆಯುವವರು ತಮ್ಮ ದುಡಿಮೆಗೆಂದು ಕೊಂಡ ಚಾಕುವಿಗೂ ಈ ರಕ್ಷಣೆ ಇದೆ.

ಮೊದಲು ಅಂಗಡಿಯವರ ಹತ್ತಿರ ಸಮಾಧಾನದಿಂದ ಮಾತಾಡಿ. ದೋಷದ ಫೋಟೋ, ಡಬ್ಬಿ, ವಾರಂಟಿ ಚೀಟಿ ಜೊತೆಗಿರಲಿ. ಆಗಲಿಲ್ಲವೆಂದರೆ 1915ಕ್ಕೆ ಫೋನ್ ಮಾಡಿ. ಈ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡವೂ ಇದೆ, ಬಂಗಾಳಿಯೂ ಇದೆ. ಅಲ್ಲೂ ಬಗೆಹರಿಯದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಒಂದು ಚಾಕುವಿಗಾಗಿ ಅಲ್ಲಿಯವರೆಗೆ ಹೋಗಬೇಕೇ ಎಂದರೆ, ಗೆರೆ ಬಿದ್ದದ್ದಕ್ಕೆ ಬೇಡ, ಬಿರುಕಿಗೆ, ಕಳಚುವ ಹಿಡಿಗೆ ಖಂಡಿತ ಹೋಗಬೇಕು. ಅದೇ ಡಬ್ಬಿಯ ಇನ್ನೊಂದು ಚಾಕು ಪಕ್ಕದ ಮನೆಗೂ ಹೋಗಿರುತ್ತದೆ.

ಕಾಲೇಜಿಗೆ ಹೋಗುವ ಮಕ್ಕಳೇ, ಓದುಬರಹ ಬಾರದ ಅಜ್ಜಿ, ಚಿಕ್ಕಮ್ಮಂದಿರ ದೂರನ್ನು ನೀವು ಬರೆದುಕೊಡಿ. ಅಂಗಡಿಯ ಅಣ್ಣಂದಿರೇ, ಕೇಳುವ ಮುಂಚೆಯೇ ಬಿಲ್ಲು ಕೊಡಿ, ವಾಪಸ್ ಬಂದ ಕೆಟ್ಟ ಮಾಲನ್ನು ಮತ್ತೆ ಕಪಾಟಿಗೆ ಸೇರಿಸದೆ ಕಂಪನಿಗೆ ತಿರುಗಿ ಕಳಿಸಿ.