ಆ ನಾಲ್ಕು ಸಾಲುಗಳನ್ನು ಅಳಿಸಬೇಡಿ

ಇಂಗ್ಲಿಷಿನ 'ಫ್ರೀ' ಎಂಬ ಒಂದು ಪದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ: ಉಚಿತ ಮತ್ತು ಮುಕ್ತ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ಮೂರನೆಯ ಪದ ಚಾಲ್ತಿಯಲ್ಲಿದೆ, ಬಿಟ್ಟಿ. "ನೆಟ್‌ನಲ್ಲಿ ಬಿಟ್ಟಿ ಸಿಗುತ್ತೆ, ಇಳಿಸ್ಕೊ" ಎಂಬ ಮಾತನ್ನು ಈ ಎರಡು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಳಿಸಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಇಳಿಸಿಕೊಂಡ ಮೇಲೆ ನಾವು ಮಾಡುವ ಒಂದು ಕೆಲಸದ ಬಗ್ಗೆ ಈ ಲೇಖನ.

ವಸ್ತುಪ್ರದರ್ಶನಕ್ಕೆ ನಾವು ತಯಾರಿಸುವ ವೆಬ್ ಪುಟಗಳನ್ನು ನೋಡಿದವರಿಗೆ ಗೊತ್ತು. ವಾರ್ಷಿಕೋತ್ಸವ, ಕ್ರೀಡಾಕೂಟ, ಉರ್ದು ಸುಲೇಖನ ಸ್ಪರ್ಧೆ ಹೀಗೆ ಎಲ್ಲದರ ಫೋಟೋಗಳೂ ಸಣ್ಣದಾಗಿ ಸಾಲಾಗಿ ನಿಂತಿರುತ್ತವೆ. ಒಂದನ್ನು ಒತ್ತಿದರೆ ಪುಟ ಮಬ್ಬಾಗಿ, ಆ ಚಿತ್ರ ದೊಡ್ಡದಾಗಿ ನಡುವೆ ಬರುತ್ತದೆ. ಎಡಬಲಕ್ಕೆ ಬಾಣ, ಕೆಳಗೆ ಮುಚ್ಚುವ ಗುರುತು. ಬಹುಪಾಲು ಪುಟಗಳಲ್ಲಿ ಇದನ್ನು ಮಾಡುತ್ತಿರುವುದು ಲೈಟ್‌ಬಾಕ್ಸ್ ಎಂಬ ಸ್ಕ್ರಿಪ್ಟ್. ಲೋಕೇಶ್ ಧಾಕರ್ ಎಂಬವರು ಅದನ್ನು ಬರೆದು 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೂ ಮೊದಲು ದೊಡ್ಡ ಚಿತ್ರ ತೋರಿಸಬೇಕೆಂದರೆ ಸಾಮಾನ್ಯವಾಗಿ ಇನ್ನೊಂದು ಪುಟ್ಟ ಕಿಟಕಿ ತೆರೆಯಬೇಕಿತ್ತು. ಜಾಹೀರಾತುಗಳ ಕಾಟದಿಂದಾಗಿ ಅಂಥ ಕಿಟಕಿಗಳನ್ನು ಬ್ರೌಸರುಗಳೇ ತಡೆಯತೊಡಗಿದ್ದವು. ಇದ್ದ ಪುಟದ ಮೇಲೆಯೇ ಒಂದು ಪರದೆ ಹಾಸಿ ಅದರ ಮೇಲೆ ಚಿತ್ರವಿಡುವ ಈ ಉಪಾಯ ಎಷ್ಟು ಹಿಡಿಸಿತೆಂದರೆ, ಅದೇ ಬಗೆಯ ಬೇರೆ ಸ್ಕ್ರಿಪ್ಟುಗಳಿಗೂ ಜನ 'ಲೈಟ್‌ಬಾಕ್ಸ್' ಎಂದೇ ಹೇಳುವಂತಾಯಿತು.

ಇದನ್ನು ಬಳಸುವುದು ಅಡುಗೆಮನೆಯಲ್ಲಿ ಚಹಾ ಮಾಡಿದಷ್ಟೇ ಸುಲಭ. ಸ್ಟೈಲ್ ಫೈಲು, ಸ್ಕ್ರಿಪ್ಟ್ ಫೈಲು ಎರಡನ್ನೂ ಪುಟಕ್ಕೆ ಜೋಡಿಸಬೇಕು. ಬಾಣ ಮತ್ತು ಮುಚ್ಚುವ ಗುರುತಿನ ಚಿತ್ರಗಳಿರುವ ಫೋಲ್ಡರನ್ನೂ ಮರೆಯದೆ ನಕಲಿಸಬೇಕು (ಪ್ರತಿ ವರ್ಷ ಯಾರೋ ಒಬ್ಬರು ಇದನ್ನು ಮರೆತು, ಮುಚ್ಚುವ ಗುರುತೇ ಇಲ್ಲದ ಪುಟವನ್ನು ತಂದಿಡುತ್ತಾರೆ). ಆಮೇಲೆ ದೊಡ್ಡ ಚಿತ್ರಕ್ಕೆ ಹೋಗುವ ಪ್ರತಿ ಕೊಂಡಿಗೂ ಡೇಟಾ-ಲೈಟ್‌ಬಾಕ್ಸ್ ಎಂಬ ಗುಣ ಸೇರಿಸಿದರೆ ಆಯಿತು. ಒಂದೇ ಹೆಸರು ಕೊಟ್ಟ ಚಿತ್ರಗಳೆಲ್ಲ ಒಂದು ಗುಂಪಾಗಿ, ಬಾಣ ಒತ್ತಿದಂತೆ ಒಂದರ ಹಿಂದೆ ಒಂದು ಬರುತ್ತವೆ. ನನಗೆ ತುಂಬಾ ಮೆಚ್ಚುಗೆಯಾದದ್ದು ಬೇರೆ. ಯಾವುದೋ ಕಾರಣಕ್ಕೆ ಸ್ಕ್ರಿಪ್ಟ್ ಲೋಡ್ ಆಗದೇ ಹೋದರೂ ಕೊಂಡಿ ಕೊಂಡಿಯಾಗಿಯೇ ಉಳಿಯುತ್ತದೆ, ಒತ್ತಿದರೆ ಚಿತ್ರ ಸಾದಾ ರೀತಿಯಲ್ಲಿ ತೆರೆಯುತ್ತದೆ. ಕೆಟ್ಟುಹೋದಾಗಲೂ ನೋಡುಗನ ಕೈಬಿಡದ ಹಾಗೆ ಬರೆದ ಕೋಡ್ ಇದು.

ಇಷ್ಟನ್ನು ಕೊಟ್ಟವರು ಹಣ ಕೇಳಿಲ್ಲ. ಫೈಲಿನ ತಲೆಯ ಮೇಲೆ ಕೆಲವು ಸಾಲುಗಳ ಒಂದು ಟಿಪ್ಪಣಿ ಇದೆ: ಸ್ಕ್ರಿಪ್ಟಿನ ಹೆಸರು, ಬರೆದವರ ಹೆಸರು, ಹಕ್ಕುಸ್ವಾಮ್ಯ, ಎಂಐಟಿ ಪರವಾನಗಿ. ಈ ಪರವಾನಗಿಯಷ್ಟು ಉದಾರವಾದವು ಕಡಿಮೆ. ಬಳಸಿ, ಬದಲಾಯಿಸಿ, ಹಂಚಿ, ಬೇಕಾದರೆ ಮಾರಿಕೊಳ್ಳಿ ಎನ್ನುತ್ತದೆ. ಕೆಟ್ಟರೆ ನಾನು ಹೊಣೆಯಲ್ಲ ಎಂದೂ ಹೇಳುತ್ತದೆ, ಅದು ನ್ಯಾಯವೇ. ಬದಲಿಗೆ ಕೇಳುವುದು ಒಂದೇ: ಹಕ್ಕುಸ್ವಾಮ್ಯದ ಸೂಚನೆಯನ್ನೂ ಅನುಮತಿಯ ಸೂಚನೆಯನ್ನೂ ಪ್ರತಿಯ ಜೊತೆಗೇ ಇಡಿ.

ನಾವು ಮೊದಲು ಅಳಿಸುವುದೇ ಆ ಸಾಲುಗಳನ್ನು.

ಇದು ಸೋಮಾರಿತನವಲ್ಲ, ಸೋಮಾರಿಯಾದವನು ಇದ್ದದ್ದನ್ನು ಇದ್ದ ಹಾಗೇ ಬಿಡುತ್ತಾನೆ. ಫೈಲು ತೆರೆದು, ಹುಡುಕಿ, ಗುರುತು ಮಾಡಿ, ಅಳಿಸಿ, ಆ ಜಾಗದಲ್ಲಿ ತನ್ನ ಹೆಸರು ಮತ್ತು ರಿಜಿಸ್ಟರ್ ನಂಬರ್ ಬರೆಯುವುದಕ್ಕೆ ಶ್ರಮ ಬೇಕು. ಆ ಶ್ರಮ ಯಾಕೆ ಎಂದು ಕೇಳಿದರೆ ಗೆಳೆಯರು ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾರೆ: ಹೆಸರು ಬಿಟ್ಟರೆ ಅಂಕ ಹೋಗುತ್ತದೆ. ಅವರ ಮಾತು ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. ಕಳೆದ ವರ್ಷದ ಪ್ರದರ್ಶನದಲ್ಲಿ ಒಂದು ತಂಡ ತಮ್ಮ ಚಾರ್ಟಿನಲ್ಲೇ 'ಚಿತ್ರ ಪ್ರದರ್ಶನಕ್ಕೆ ಲೈಟ್‌ಬಾಕ್ಸ್ ಬಳಸಿದ್ದೇವೆ' ಎಂದು ಬರೆದಿತ್ತು. ತೀರ್ಪುಗಾರರೊಬ್ಬರು ಓದಿ, "ಹಾಗಾದರೆ ನೀವು ಮಾಡಿದ್ದೇನು?" ಎಂದು ಕೇಳಿ ಮುಂದೆ ನಡೆದರು. ಪಕ್ಕದ ಮೇಜಿನಲ್ಲಿಯೂ ಅದೇ ಸ್ಕ್ರಿಪ್ಟ್ ಓಡುತ್ತಿತ್ತು, ಹೆಸರಿಲ್ಲದೆ. ಅಲ್ಲಿ ಸಿಕ್ಕಿದ್ದು ಬಹುಮಾನ. ಇದನ್ನು ನೋಡಿದ ಪ್ರಥಮ ಪಿಯುಸಿಯವರು ಈ ವರ್ಷ ಏನು ಮಾಡುತ್ತಾರೆಂದು ಊಹಿಸಲು ಕಷ್ಟಪಡಬೇಕಿಲ್ಲ.

ನನ್ನ ಪ್ರಕಾರ ಆ ಪ್ರಶ್ನೆ ತಪ್ಪಲ್ಲ, ಉತ್ತರ ಕೇಳುವ ಮೊದಲೇ ನಡೆದುಬಿಟ್ಟದ್ದು ತಪ್ಪು. ಆ ತಂಡದವರು ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಪ್ರತಿ ಫೋಟೋಕ್ಕೂ ಬೇರೆಯಾಗಿ ಸಣ್ಣ ಪ್ರತಿ ಮಾಡಿದ್ದರು. ಪುಟ ತಟ್ಟನೆ ತೆರೆಯುತ್ತಿತ್ತು, ದೊಡ್ಡದನ್ನು ಬೇಕೆಂದವರು ಒತ್ತಿದಾಗ ಮಾತ್ರ ತರುತ್ತಿತ್ತು. ಪಕ್ಕದ ತಂಡ ದೊಡ್ಡ ಚಿತ್ರವನ್ನೇ ಅಗಲ ಕಡಿಮೆ ಮಾಡಿ ತೋರಿಸಿತ್ತು. ಕಣ್ಣಿಗೆ ಚಿಕ್ಕದು, ಡೇಟಾ ಪ್ಯಾಕಿಗೆ ಅಷ್ಟೇ ಭಾರ. ಲ್ಯಾಬಿನ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾ ಮೊಬೈಲಿನಲ್ಲಿ ತೆರೆದು ನೋಡುವ ತಂದೆತಾಯಿಗೆ ಕಾಣುತ್ತದೆ.

ಸ್ವಂತವಾಗಿ ಬರೆದು ಕಲಿಯಬೇಕು ಎನ್ನುವ ಉಪನ್ಯಾಸಕರ ಮಾತನ್ನು ನಾನು ಒಪ್ಪುತ್ತೇನೆ. ಇವತ್ತು ಅದು ಮೊದಲಿನಷ್ಟು ಕಷ್ಟವೂ ಅಲ್ಲ. ಎಚ್‌ಟಿಎಂಎಲ್‌ನ ಡೈಲಾಗ್ ಎಂಬ ಟ್ಯಾಗು 2022ರಿಂದ ಎಲ್ಲ ಪ್ರಮುಖ ಬ್ರೌಸರುಗಳಲ್ಲೂ ಕೆಲಸ ಮಾಡುತ್ತಿದೆ, ಅದನ್ನಿಟ್ಟುಕೊಂಡು ಕೆಲವೇ ಸಾಲುಗಳಲ್ಲಿ ಸಣ್ಣದೊಂದು ಚಿತ್ರಪೆಟ್ಟಿಗೆ ಮಾಡಬಹುದು. ಆದರೆ ಬಳಸಿದ್ದನ್ನು ಬರೆದದ್ದೆಂದು ತೋರಿಸುವುದರಿಂದ ಯಾರೂ ಬರೆಯಲು ಕಲಿಯುವುದಿಲ್ಲ.

ಇನ್ನೊಂದು ವಿಷಯ. ಲೈಟ್‌ಬಾಕ್ಸಿನಲ್ಲಿ ಡೇಟಾ-ಟೈಟಲ್ ಎಂಬ ಗುಣವೂ ಇದೆ, ಅಲ್ಲಿ ಬರೆದದ್ದು ಚಿತ್ರದ ಕೆಳಗೆ ಕಾಣುತ್ತದೆ. ನಮ್ಮ ಪುಟಗಳಲ್ಲಿ ಅದು ಬಹುತೇಕ ಖಾಲಿ. ಬಿಸಿಲಲ್ಲಿ ಮೈದಾನದ ಅಂಚಿಗೆ ನಿಂತು ಓಟದ ಫೋಟೋ ತೆಗೆದ ಹುಡುಗಿಯ ಹೆಸರು ಎಲ್ಲೂ ಇಲ್ಲ. ಪ್ರಥಮ ಬಹುಮಾನದ ಸುಲೇಖನ ಯಾರ ಕೈಬರಹ ಎಂಬುದೂ ಇಲ್ಲ. ದೂರದ ಒಬ್ಬ ಪ್ರೋಗ್ರಾಮರನ ಹೆಸರನ್ನು ಅಳಿಸುವ ಕೈಗೆ, ಪಕ್ಕದ ಬೆಂಚಿನವಳ ಹೆಸರನ್ನು ಬರೆಯದೇ ಬಿಡುವುದು ದೊಡ್ಡ ವಿಷಯವಲ್ಲ. ಅವಳು ಇದರ ಬಗ್ಗೆ ದೂರು ಕೊಟ್ಟಿಲ್ಲ, ಈ ಸಲ ಕ್ಯಾಮೆರಾ ತರಲಿಲ್ಲ ಅಷ್ಟೆ.

ಆದ್ದರಿಂದ ಕಂಪ್ಯೂಟರ್ ವಿಭಾಗಕ್ಕೆ ನನ್ನದೊಂದು ವಿನಂತಿ. ಈ ವರ್ಷದ ಅಂಕಪಟ್ಟಿಯಲ್ಲಿ ಹತ್ತಕ್ಕೆ ಎರಡು ಅಂಕವನ್ನು, 'ಏನನ್ನು ಎಲ್ಲಿಂದ ತೆಗೆದುಕೊಂಡಿರಿ, ಅದಕ್ಕೆ ನೀವು ಏನು ಸೇರಿಸಿದಿರಿ' ಎಂಬ ಪ್ರಶ್ನೆಗೆ ಮೀಸಲಿಡಿ. ಪುಟದ ಮೂಲವನ್ನು ತೆರೆದು ಮೇಲಿನ ನಾಲ್ಕು ಸಾಲು ನೋಡಲು ತೀರ್ಪುಗಾರರಿಗೆ ಅರ್ಧ ನಿಮಿಷ ಸಾಕು. ಕಾಲೇಜಿನ ಫೋಟೋ ಪುಟಗಳಲ್ಲಿ ಖಾಲಿ ಉಳಿದಿರುವ ಶೀರ್ಷಿಕೆಗಳನ್ನು ತುಂಬಲು ನಾವು ಮೂವರು ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿರುತ್ತೇವೆ. ಯಾವ ಫೋಟೋ ಯಾರದ್ದೆಂದು ಗೊತ್ತಿರುವವರು ಬಂದು ಹೇಳಿ.