ಬಚ್ಚಲ ನೀರಿಗೆ ಯಾವ ಗಿಡ?

ಬೇಸಿಗೆ ಬಂತೆಂದರೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಬಾವಿಯ ತಳ ಕಾಣಿಸತೊಡಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಮೇ ತಿಂಗಳಲ್ಲಿ ಟ್ಯಾಂಕರಿನ ದಾರಿ ಕಾಯುವುದು ವಿಪರ್ಯಾಸವೇ ಸರಿ. ಅದಕ್ಕಿಂತ ದೊಡ್ಡ ವಿಪರ್ಯಾಸವೆಂದರೆ, ಅದೇ ದಿನಗಳಲ್ಲಿ ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ನಾವು ಹಿತ್ತಲಿನ ಹೊಂಡಕ್ಕೆ ಹರಿಯಬಿಟ್ಟು ಮರೆತುಬಿಡುವುದು. ಮುರಕಲ್ಲಿನ ನೆಲ ರಂಧ್ರಮಯವಾದುದು. ನಮ್ಮ ಹೊಂಡಕ್ಕಿಳಿದ ಸಾಬೂನಿನ ನೀರು ನೆರೆಮನೆಯ ಬಾವಿಯನ್ನು ಸೇರುವುದು ಅಸಂಭವವೇನಲ್ಲ.

ಈ ನೀರನ್ನು ಗಿಡಗಳಿರುವ ಜಲ್ಲಿಯ ಪಾತಿಯ ಮೂಲಕ ಹಾಯಿಸಿ ತಿಳಿಗೊಳಿಸಬಹುದು. ಸುಮಾರು 2 ಅಡಿ ಆಳದ ಪಾತಿ, ತಳಕ್ಕೆ ಸಿಮೆಂಟು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಜಲ್ಲಿ, ಇಷ್ಟು ಸಾಕು. ನೀರಿನ ಮಟ್ಟ ಜಲ್ಲಿಗಿಂತ 2-3 ಅಂಗುಲ ಕೆಳಗಿದ್ದರೆ ಸೊಳ್ಳೆಗೆ ಎಡೆಯಿಲ್ಲ. ಕೊಳೆಯನ್ನು ಕರಗಿಸುವ ಮುಖ್ಯ ಕೆಲಸ ಜಲ್ಲಿಗೂ ಬೇರಿಗೂ ಅಂಟಿ ಬಾಳುವ ಸೂಕ್ಷ್ಮಜೀವಿಗಳದು. ಅವುಗಳಿಗೆ ನೆಲೆಯನ್ನೂ ಒಂದಿಷ್ಟು ಪ್ರಾಣವಾಯುವನ್ನೂ ಒದಗಿಸುವುದು ಗಿಡದ ಪಾಲು. ಆದುದರಿಂದ ಇಲ್ಲಿ ಗಿಡವನ್ನು ಹೂವು ನೋಡಿ ಅಲ್ಲ, ಬೇರು ನೋಡಿ ಆರಿಸಬೇಕು.

ಕಾಬಾಳೆ ಇದಕ್ಕೆ ಬಲು ಯೋಗ್ಯ. ವರ್ಷವಿಡೀ ಹಸಿರಾಗಿರುತ್ತದೆ, ಕಡಿದಷ್ಟೂ ಚಿಗುರುತ್ತದೆ. ಅಂಗಳಕ್ಕೆ ಹೂವೂ ದೊರೆಯುತ್ತದೆ. ಲಾವಂಚ ನಮ್ಮದೇ ನೆಲದ ಹುಲ್ಲು. ಅದರ ಒತ್ತಾದ ಬೇರು ನೇರವಾಗಿ ಕೆಳಗಿಳಿಯುತ್ತದೆ, ಬದಿಗೆ ಹಬ್ಬಿ ಕಾಡುವುದಿಲ್ಲ. ತೋಡಿನ ಬದಿಯ ಕೆಸುವೂ ಚೆನ್ನಾಗಿ ಬರುತ್ತದೆ; ಆದರೆ ಪತ್ರೊಡೆಗೆ ಬೇಕಾದ ಕೆಸುವನ್ನು ಬೇರೆಡೆ ಬೆಳೆಸುವುದೇ ಲೇಸು. ಪಾತಿಯಿಂದ ಹೊರಬಂದ ನೀರನ್ನು ಬಾಳೆಯ, ತೆಂಗಿನ ಬುಡಕ್ಕೆ ಬಿಡಬಹುದು.

ಬೇಡವಾದವುಗಳನ್ನೂ ಹೇಳಲೇಬೇಕು. ಜೊಂಡು ನೀರನ್ನು ಶುದ್ಧಗೊಳಿಸುವುದರಲ್ಲಿ ಹಿಂದೆ ಬಿದ್ದಿಲ್ಲವಾದರೂ, ಚಿಕ್ಕ ಪಾತಿಯಲ್ಲಿ ಉಳಿದೆಲ್ಲವನ್ನೂ ನುಂಗಿ ತಾನೊಂದೇ ನಿಲ್ಲುತ್ತದೆ. ದಕ್ಷಿಣ ಅಮೆರಿಕದಿಂದ ಬಂದ, ನೇರಳೆ ಹೂವಿನ ವಾಟರ್ ಹಯಾಸಿಂತ್ ಅಂತೂ ಸರ್ವಥಾ ಕೂಡದು. ಅಂದವೆಂದು ತೊಟ್ಟಿಯಲ್ಲಿಟ್ಟ ಒಂದು ಗಿಡ ಆಷಾಢದ ನೆರೆಯಲ್ಲಿ ತೋಡಿಗಿಳಿದರೆ, ಮುಂದೆ ಕೆರೆಯೂ ಗದ್ದೆಯೂ ಅದರ ಪಾಲು. ನಮ್ಮ ಹಿತ್ತಲಿನ ಶೋಭೆಗೆ ಊರು ದಂಡ ತೆರಬೇಕಾದೀತು.

ಕೆಲವು ಎಚ್ಚರಿಕೆಗಳು ಅಗತ್ಯ. ಪಾಯಖಾನೆಯ ನೀರು ಈ ಪಾತಿಗೆ ಬರಲೇಬಾರದು. ಅಡುಗೆಮನೆಯ ನೀರಿನ ಜಿಡ್ಡನ್ನು ಮೊದಲೇ ಚಿಕ್ಕ ತೊಟ್ಟಿಯಲ್ಲಿ ತಡೆಯಬೇಕು. ಪಾತಿ ಬಾವಿಯಿಂದ 50 ಅಡಿಯಾದರೂ ದೂರವಾಗಿ, ಇಳಿಜಾರಿನ ಕೆಳಭಾಗದಲ್ಲಿರಲಿ. ಮಳೆಗಾಲದಲ್ಲಿ ಮಾಡಿನ ನೀರು ಅದರೊಳಗೆ ನುಗ್ಗದಿರಲಿ.

ಕಾಬಾಳೆಯ ಗಡ್ಡೆಗಾಗಲಿ ಲಾವಂಚದ ಬುಡಕ್ಕಾಗಲಿ ಹಣ ತೆರಬೇಕಾಗಿಲ್ಲ. ಒಬ್ಬರ ಹಿತ್ತಲಿನಿಂದ ಇನ್ನೊಬ್ಬರದಕ್ಕೆ ದಾಟುವ ವಸ್ತುಗಳಿವು. ವಾಳೆಯ ಕೂಟಗಳಲ್ಲಿ ಊರಿನ ಕಷ್ಟಸುಖ ಮಾತನಾಡುವ ನಾವು, ಮುಂದಿನ ಸಲ ಗಿಡದ ಬುಡವೊಂದನ್ನೂ ಕೈಯಲ್ಲಿ ಹಿಡಿದು ಹೋಗಬಾರದೇಕೆ? ನೆರೆಯವನ ಬಾವಿಯನ್ನು ಕಾಯುವುದು ನಮ್ಮ ಬಚ್ಚಲಿನಿಂದಲೇ ಆರಂಭವಾಗಬೇಕು.